ವಾರ್ಸಾದಲ್ಲಿ ಸೋತವರು ಸೋಮವಾರ ಬೆಳಿಗ್ಗೆ ಎಲ್ಲಿಗೆ ಹೋಗ್ತಾರೆ?

ರಾತ್ರಿಪಾಳಿ

2025ರ ಅಕ್ಟೋಬರ್ ಇಡೀ ನಿದ್ದೆಗೆಟ್ಟಿದ್ದೆ. ಕಣ್ಣು ನೋಡಿ ಆಫೀಸಿನವರು ಮನೇಲಿ ಮಗು ಹುಟ್ಟಿದೆ ಅಂದುಕೊಂಡ್ರು. ಅಸಲಿಗೆ ಅದು ಪೋಲೆಂಡಿನ ವಾರ್ಸಾದಲ್ಲಿ, ಶೋಪ್ಯಾನ್ ಅನ್ನೋ ಹಳೇ ಸಂಗೀತಗಾರನ ಹೆಸರಲ್ಲಿ ನಡೆಯೋ ಪಿಯಾನೊ ಸ್ಪರ್ಧೆಯ ನೇರಪ್ರಸಾರ. ಅಲ್ಲಿ ಸಂಜೆ ಅಂದ್ರೆ ಇಲ್ಲಿ ರಾತ್ರಿ. ಒಬ್ಬರದು ಮುಗೀತು, ಇನ್ನು ಮಲಗೋಣ ಅಂತ ಲ್ಯಾಪ್‌ಟಾಪ್ ಮುಚ್ಚೋಕೆ ಹೋದ್ರೆ ಇನ್ನೊಬ್ಬರು ಬಂದು ಕೂರ್ತಿದ್ರು.

ನಂಗೆ ಸಂಗೀತ ಕೇಳೋದಷ್ಟೇ ಗೊತ್ತು, ನುಡಿಸೋದು ಗೊತ್ತಿಲ್ಲ. ನನ್ನ ಪ್ರಶ್ನೆ ಹೊಟ್ಟೆಪಾಡಿನದು. 600ಕ್ಕೂ ಹೆಚ್ಚು ಅರ್ಜಿ ಬಂದಿತ್ತು. ಮೊದಲ ಸುತ್ತಿಗೆ ವೇದಿಕೆ ಹತ್ತಿದ್ದು 80 ಚಿಲ್ಲರೆ ಜನ. ಎರಡನೇ ಸುತ್ತಿಗೆ 40, ಮೂರನೇದಕ್ಕೆ 20, ಫೈನಲ್ಲಿಗೆ 11. ಗೆದ್ದಿದ್ದು ಒಬ್ಬ, ಅಮೆರಿಕದ ಎರಿಕ್ ಲು. ಬಹುಮಾನ 60,000 ಯೂರೊ. ಮಿಕ್ಕವರು ಬ್ಯಾಗ್ ಹಾಕ್ಕೊಂಡು ಹೊರಟ್ರು. ಅವರೇನು ಸಾಮಾನ್ಯರಲ್ಲ. ಚಿಕ್ಕ ವಯಸ್ಸಿಂದ ದಿನಾ ಗಂಟೆಗಟ್ಟಲೆ ಕೂತು ಬೆರಳು ಸವೆಸಿದವರು. ಮೊದಲ ಸುತ್ತಲ್ಲೇ ಹೋದ ಒಬ್ಬಳು ನುಡಿಸಿದ ನಾಕ್ಟರ್ನ್ (ರಾತ್ರಿಯ ಭಾವದ ಪುಟ್ಟ ಕೃತಿ) ಇವತ್ತಿಗೂ ನನ್ನ ಕಿವೀಲಿದೆ.

ನಮ್ಮ ಐಟಿಯಲ್ಲಿ ಪ್ರಾಜೆಕ್ಟ್ ಕೈ ತಪ್ಪಿದ್ರೆ ಸ್ವಲ್ಪ ದಿನ ಬೆಂಚಿಗೆ ಕೂರಿಸಿ ಸಂಬಳ ಕೊಡ್ತಾರೆ. ಇವರಿಗೆ ಪಿಯಾನೊ ಮುಂದಿನ ಬೆಂಚು ಬಿಟ್ಟು ಬೇರೆ ಬೆಂಚು ಇದೆಯಾ? ಸೋಮವಾರ ಬೆಳಿಗ್ಗೆ ಇವರೆಲ್ಲ ಏನ್ ಮಾಡ್ತಾರೆ?

ಎರಡನೇ_ಕಾಲ

ಇನ್ನೇನ್ ಮಾಡ್ತಾರೆ ಗುರು, ಪಾಠ ಹೇಳ್ತಾರೆ. ನಮ್ಮಲ್ಲಿ ವಿದ್ವತ್ ಮುಗಿಸಿದವರಲ್ಲಿ ಎಷ್ಟು ಜನ ಕಛೇರಿ ಮಾಡಿ ಊಟ ಮಾಡ್ತಾರೆ? ಸಂಜೆ ಆರಕ್ಕೆ ಸರಳೆ ವರಸೆ, ಏಳಕ್ಕೆ ಜಂಟಿ ವರಸೆ. ಅಲ್ಲೂ ಅದೇ ಇರುತ್ತೆ, ಹಾಲ್ ಸ್ವಲ್ಪ ದೊಡ್ಡದು ಅಷ್ಟೆ.

ಒಂದು ಅನುಮಾನ ಮಾತ್ರ ಇದೆ. ಆ ಊರುಗಳಲ್ಲಿ ಸರ್ಕಾರದ ದುಡ್ಡಲ್ಲಿ ನಡೆಯೋ ಆರ್ಕೆಸ್ಟ್ರಾಗಳು, ಅಂದ್ರೆ ದೊಡ್ಡ ವಾದ್ಯವೃಂದಗಳಿವೆ, ತಿಂಗಳ ಸಂಬಳ, ಪಿಂಚಣಿ ಎಲ್ಲಾ ಇರುತ್ತಂತೆ. ಅಲ್ಲಿ ಸೇರಿಕೊಂಡ್ರೆ ಆಯ್ತಲ್ಲ?

ಮೂರನೇ_ಪೆಡಲ್

ಎರಡನೇ ಕಾಲ ಅವರೇ, ಪಿಯಾನೊದವರ ಕಥೆ ಎಡವೋದೇ ಅಲ್ಲಿ. ನಾನು ಬೆಂಗಳೂರಿನವಳು, ಹನ್ನೊಂದು ವರ್ಷದಿಂದ ಜರ್ಮನಿಯಲ್ಲಿದ್ದೀನಿ. ಪಿಯಾನೊವೇ ನನ್ನ ಹೊಟ್ಟೆಪಾಡು, ಆದರೆ ನಾನು ಕಾನ್ಸರ್ಟ್ ಪಿಯಾನಿಸ್ಟ್ ಅಲ್ಲ. ಸ್ವಲ್ಪ ಉದ್ದ ಬರೀತೀನಿ, ಬೈಬೇಡಿ.

ದೊಡ್ಡ ಆರ್ಕೆಸ್ಟ್ರಾದಲ್ಲಿ ಮೊದಲ ಪಿಟೀಲಿನ ಸಾಲಿನಲ್ಲೇ ಹದಿನಾರು ಕುರ್ಚಿ ಇರ್ತವೆ. ಎರಡನೇ ಪಿಟೀಲು, ವಿಯೋಲಾ, ಚೆಲೊ ಎಲ್ಲಾ ಸೇರಿ ತಂತಿಯವರೇ ಅರವತ್ತು ಜನ. ಪಿಟೀಲು ಕಲಿತ ಹುಡುಗ ಸ್ಪರ್ಧೆ ಸೋತ್ರೂ ಯಾವುದಾದರೂ ಕುರ್ಚಿಗೆ ಪರೀಕ್ಷೆ ಕೊಡಬಹುದು. ಪಿಯಾನೊಗೆ ಆ ಸಾಲೇ ಇಲ್ಲ. ಹೆಚ್ಚಂದ್ರೆ ಒಂದು ಕುರ್ಚಿ, ಅದೂ ಎಷ್ಟೋ ಕಡೆ ಬೇಕಾದಾಗ ಕರೆಸೋ ಕೂಲಿ. ಕಾನ್ಸರ್ಟೊ, ಅಂದ್ರೆ ಒಬ್ಬ ಏಕವಾದಕ ಇಡೀ ಆರ್ಕೆಸ್ಟ್ರಾ ಜೊತೆ ನುಡಿಸೋ ಕೃತಿ. ಅದಕ್ಕೆ ಬರೋ ಏಕವಾದಕ ಆ ವಾರದ ಅತಿಥಿ. ಮುಂದಿನ ವಾರ ಬೇರೊಬ್ಬ ಅತಿಥಿ. ಒಂದು ಊರಿಗೆ ನೂರು ಜನ ನೌಕರರು ಇರಬಹುದು, ಅತಿಥಿ ಒಬ್ಬನೇ. ಕಾಲೇಜುಗಳು ಮಾತ್ರ ಪ್ರತಿಯೊಬ್ಬ ಪಿಯಾನೊ ವಿದ್ಯಾರ್ಥಿಯನ್ನೂ ಆ ಅತಿಥಿಯಾಗೋಕೇ ತಯಾರು ಮಾಡ್ತವೆ. ಇದು ತಮಾಷೆಯೋ ಮೋಸವೋ ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ.

ನನ್ನ ಕೆಲಸ ಒಂದು ಒಪೆರಾ ಮನೆಯಲ್ಲಿ, ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕಗಳ ರಂಗಮಂದಿರದಲ್ಲಿ. ಇಲ್ಲಿ ಅದನ್ನ ಕೊರೆಪೆಟಿಟೋರ್ ಅಂತಾರೆ. ಗಾಯಕರು ಪಾತ್ರ ಕಲಿಯೋ ವಾರಗಳಲ್ಲಿ ಇಡೀ ಆರ್ಕೆಸ್ಟ್ರಾ ಇರೋದಿಲ್ಲ, ಅದಕ್ಕೆ ದುಡ್ಡು ಸಾಲದು. ಆಗ ಆ ತೊಂಬತ್ತು ಜನರ ಪಾಲಿನ ಸಂಗೀತವನ್ನೂ ನನ್ನ ಹತ್ತು ಬೆರಳು ನುಡಿಸಬೇಕು. ಎಡಗೈಯಲ್ಲಿ ಬಾಸ್, ಬಲಗೈಯಲ್ಲಿ ಪಿಟೀಲು, ಮಧ್ಯೆ ತುತ್ತೂರಿಯವರು ಬರೋ ಕಡೆ ಬಾಯಲ್ಲೇ ಕೂಗೋದು. ಗಾಯಕಿ ಮಾತು ಮರೆತ್ರೆ ಅದನ್ನೂ ಎತ್ತಿಕೊಡಬೇಕು. ಪ್ರದರ್ಶನದ ದಿನ ಆರ್ಕೆಸ್ಟ್ರಾ ಬಂದು ಕೂರುತ್ತೆ, ನಾನು ಮನೆಗೆ ಹೋಗ್ತೀನಿ.

ಇದು ಕೀಳು ಕೆಲಸ ಅಂತ ಯಾರೂ ತಿಳೀಬೇಡಿ. ಆರ್ಕೆಸ್ಟ್ರಾ ನಡೆಸೋದರಲ್ಲಿ ಹೆಸರಾದ ಗೇಯಾರ್ಗ್ ಶೋಲ್ಟಿ ಬುಡಾಪೆಸ್ಟ್ ಒಪೆರಾದಲ್ಲಿ ಇದನ್ನೇ ಮಾಡ್ಕೊಂಡು ಮೇಲೆ ಬಂದವರು. ಮುಂದೆ ಜಗದ್ವಿಖ್ಯಾತ ಪಿಯಾನಿಸ್ಟ್ ಆದ ಸ್ವ್ಯಾತೊಸ್ಲಾವ್ ರಿಕ್ಟರ್ ಹದಿಹರೆಯದಲ್ಲಿ ಒಡೆಸ್ಸಾದ ಒಪೆರಾದಲ್ಲಿ ಇದೇ ಕೂಲಿ ಮಾಡ್ತಿದ್ರು.

ಧಾರವಾಡ_ಪೇಡೆ

ಬಾಯಾರ, ಛಲೋ ಬರದ್ರಿ. ಇಲ್ಲೆ ನಮ್ಮ ಕಡೆ ಹಾರ್ಮೋನಿಯಂ ಸಾಥ್ ಮಾಡಾವ್ರ ಗತಿನೂ ಅದಾ. ಮುಂದ ಕುಂತಾವ್ರ ಹೆಸರು ಪೋಸ್ಟರ್ ಮ್ಯಾಲ, ಇವರ ಹೆಸರು ಆಭಾರ ಮನ್ನಣೆಯೊಳಗ.

ನನಗೊಂದು ಹೇಳ್ರಿ. ನಮ್ಮಲ್ಲೆ ಕಿರಾಣಾ, ಗ್ವಾಲಿಯರ್, ಜೈಪುರ್ ಅಂತ ಘರಾಣೆ ಅದಾವಲ್ಲ, ಆ ಪಿಯಾನೊದವರೊಳಗೂ ಹಂಗ ಏನರ ಐತೇನು? ಯಾರ ಕಡೆ ಕಲ್ತಾನ ಅಂತ ಮಂದಿ ಕೇಳತಾರೇನು?

ಮೂರನೇ_ಪೆಡಲ್

ಕೇಳ್ತಾರೆ ಸರ್, ಮೊದಲ ಪ್ರಶ್ನೆಯೇ ಅದು. ಬಯೋಡೇಟಾದಲ್ಲಿ ಗುರುವಿನ ಹೆಸರು ಓದಿನ ಮಾರ್ಕ್ಸಿಗಿಂತ ಮುಂಚೆ ಬರುತ್ತೆ.

ಹೆಸರಾಂತ ಪಿಯಾನೊದವರ ವಂಶಾವಳಿ ಹೀಗೆ. ಬೇಟೊವೆನ್ ಕಾರ್ಲ್ ಚೆರ್ನಿಗೆ ಕಲಿಸಿದ. ಚೆರ್ನಿ ಲಿಸ್ಟ್‌ಗೂ ಲೆಶೆಟಿಟ್ಸ್ಕಿಗೂ ಕಲಿಸಿದ. ಲೆಶೆಟಿಟ್ಸ್ಕಿಯ ಶಿಷ್ಯ ಶ್ನಾಬೆಲ್, ಶ್ನಾಬೆಲ್ ಶಿಷ್ಯ ಲಿಯಾನ್ ಫ್ಲೈಶರ್. ಇನ್ನೊಂದು ಕವಲಲ್ಲಿ ಲಿಸ್ಟ್‌ನ ಶಿಷ್ಯ ಫ್ರೀಡ್‌ಹೈಮ್. ಆತನ ಹತ್ರ ಕಲಿತ ಟೆಕ್ಸಸ್ಸಿನ ಒಬ್ಬ ಅಮ್ಮ ತನ್ನ ಮಗನಿಗೆ ಮನೆಯಲ್ಲೇ ಪಾಠ ಹೇಳಿದ್ರು. ಆ ಮಗ ವ್ಯಾನ್ ಕ್ಲೈಬರ್ನ್.

ಆದ್ರೆ ಇದನ್ನ ಹೆಚ್ಚು ಪೂಜೆ ಮಾಡಬೇಡಿ. ಲಿಸ್ಟ್ ಜರ್ಮನಿಯ ವೈಮಾರ್ ಊರಿನಲ್ಲಿ ಫೀಸು ತಗೊಳ್ಳದೆ ನೂರಾರು ಜನಕ್ಕೆ ಕಲಿಸಿದ. ಹಾಗಾಗಿ ಇವತ್ತು ಎಲ್ಲೇ ಕಲ್ಲು ಎಸೆದ್ರೂ ಲಿಸ್ಟ್‌ನ ಮರಿಮೊಮ್ಮಗನಿಗೆ ಬೀಳುತ್ತೆ. ದೊಡ್ಡ ಪಿಯಾನಿಸ್ಟ್ ಆಲ್ಫ್ರೆಡ್ ಬ್ರೆಂಡೆಲ್ ಹದಿನಾರರ ನಂತರ ಕ್ರಮವಾದ ಗುರು ಅಂತ ಯಾರನ್ನೂ ಹಿಡಿಯಲೇ ಇಲ್ಲ. ಟೇಪ್ ರೆಕಾರ್ಡರಿನಲ್ಲಿ ತನ್ನದನ್ನೇ ಕೇಳಿ ತಿದ್ದಿಕೊಂಡ್ರು. ರಿಕ್ಟರ್ ಮಾಸ್ಕೋಗೆ ಹೋಗಿ ಹೈನ್ರಿಕ್ ನೋಯ್‌ಹಾಸ್ ಅನ್ನೋ ಗುರುವಿನ ಬಾಗಿಲು ತಟ್ಟಿದ್ದು 1937ರಲ್ಲಿ, ತನ್ನ 22ನೇ ವಯಸ್ಸಿನಲ್ಲಿ. ಅಲ್ಲೀವರೆಗೆ ಬಹುಪಾಲು ಸ್ವಂತ ಕಲಿಕೆ. ಐದಕ್ಕೆ ಶುರು ಮಾಡದಿದ್ರೆ ಮುಗೀತು ಅನ್ನೋ ಅಮ್ಮಂದಿರಿಗೆ ಇದನ್ನ ಹೇಳಿ. ಹೇಳಿದ ಮೇಲೆ, ಎಲ್ಲರೂ ರಿಕ್ಟರ್ ಅಲ್ಲ ಅಂತಲೂ ಹೇಳಿ.

ಕಂಬದ_ಹಿಂದಿನ_ಸೀಟು

ಗುರು ಯಾರು ಅನ್ನೋದಕ್ಕಿಂತ ದೊಡ್ಡೋರು ಯಾವತ್ತು ಜ್ವರ ಬಂದು ಮಲಗ್ತಾರೆ ಅನ್ನೋದು ಮುಖ್ಯ ಅಂತ ನನ್ನ ಅಭಿಪ್ರಾಯ. ನಗಬೇಡಿ, ಲೆಕ್ಕ ಕೊಡ್ತೀನಿ.

1963ರ ಜನವರಿ, ನ್ಯೂಯಾರ್ಕ್. ಹೆಸರಾಂತ ಪಿಯಾನಿಸ್ಟ್ ಗ್ಲೆನ್ ಗೌಲ್ಡ್‌ಗೆ ಆರೋಗ್ಯ ಸರಿಯಿಲ್ಲ. ಆರ್ಕೆಸ್ಟ್ರಾ ನಡೆಸ್ತಿದ್ದ ಲಿಯೊನಾರ್ಡ್ ಬರ್ನ್‌ಸ್ಟೈನ್ 16 ವರ್ಷದ ಆಂದ್ರೆ ವಾಟ್ಸ್‌ನನ್ನು ಕರೆಸಿ ಲಿಸ್ಟ್‌ನ ಮೊದಲ ಕಾನ್ಸರ್ಟೊ ನುಡಿಸಿದ್ರು. ರಾತ್ರೋರಾತ್ರಿ ಹೆಸರು.

1999, ಷಿಕಾಗೊ ಹತ್ತಿರದ ರವೀನಿಯಾ. ಈ ಸಲ ಹುಷಾರು ತಪ್ಪಿದ್ದು ಅದೇ ವಾಟ್ಸ್. ಬದಲಿಗೆ ಬಂದವನು 17ರ ಲಾಂಗ್ ಲಾಂಗ್, ಚೈಕೋವ್‌ಸ್ಕಿ ಕಾನ್ಸರ್ಟೊ. ಆಮೇಲಿನದು ನಿಮಗೇ ಗೊತ್ತು.

2007, ಬಾಸ್ಟನ್. ದೊಡ್ಡ ಪಿಯಾನಿಸ್ಟ್ ಮಾರ್ತಾ ಆರ್ಗರಿಚ್ ಬರಲಿಲ್ಲ. ಬದಲಿ ಯೂಜಾ ವಾಂಗ್, 20 ವರ್ಷ.

ಮೂರೂ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ. ನಮ್ಮ ರಾಮನವಮಿ ಚಪ್ಪರದಲ್ಲಿ ಆಗೋದೂ ಇದೇ ತಾನೆ. ಮುಖ್ಯ ವಿದ್ವಾಂಸರ ಟ್ರೈನ್ ತಡ, ಮಧ್ಯಾಹ್ನದ ಸ್ಲಾಟಿನ ಹುಡುಗನನ್ನ ಸಂಜೆಗೆ ಕೂರಿಸ್ತಾರೆ.

ರಾತ್ರಿಪಾಳಿ

ಹಾಗಾದ್ರೆ ಅದೃಷ್ಟದ ಆಟ ಅಂತೀರಾ?

ಕಂಬದ_ಹಿಂದಿನ_ಸೀಟು

ಅಲ್ಲ. ಬೆಳಿಗ್ಗೆ ಫೋನು ಬಂದು ರಾತ್ರಿಗೆ ವೇದಿಕೆ ಅಂದಾಗ "ಆಗಲಿ" ಅನ್ನೋಕೆ ಆ ಕಾನ್ಸರ್ಟೊ ಬೆರಳಲ್ಲಿ ಮೊದಲೇ ಕೂತಿರಬೇಕು. ಅಂಥವು ಒಂದೆರಡಲ್ಲ, ಇಪ್ಪತ್ತು ಮೂವತ್ತು ಬೇಕು. ಎಲ್ಲಾ ಬಾಯಿಪಾಠ. ಯಾರೂ ಕೇಳದೆ ಇದ್ದಾಗ ಅವನ್ನ ಹಸಿಯಾಗಿಟ್ಟುಕೊಳ್ಳೋದಕ್ಕೆ ದಿನಕ್ಕೆ ಎಷ್ಟು ಗಂಟೆ ಹೋಗುತ್ತೆ, ಆ ಗಂಟೆಗಳಿಗೆ ಬಾಡಿಗೆ ಯಾರು ಕಟ್ತಾರೆ? ನಿಜವಾದ ಪ್ರಶ್ನೆ ಅದು.

ಹಾಂ, ಲಾಂಗ್ ಲಾಂಗ್, ಯೂಜಾ ಇಬ್ಬರೂ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಶಾಲೆಯಲ್ಲಿ ಗ್ಯಾರಿ ಗ್ರಾಫ್‌ಮನ್ ಅನ್ನೋ ಪಿಯಾನಿಸ್ಟ್‌ನ ಶಿಷ್ಯರು. ಆ ಶಾಲೆಯಲ್ಲಿ 1928ರಿಂದ ಫೀಸೇ ಇಲ್ಲ. ಒಟ್ಟು ವಿದ್ಯಾರ್ಥಿಗಳು ನೂರೈವತ್ತು, ನೂರ ಅರವತ್ತು, ಅದರಲ್ಲಿ ಪಿಯಾನೊದವರು ಬೆರಳೆಣಿಕೆ. ಬಾಡಿಗೆ ಪ್ರಶ್ನೆಗೆ ಅವರ ಉತ್ತರ ಅದು. ಬಾಗಿಲು ಕಿರಿದು ಮಾಡಿ, ಒಳಗೆ ಬಂದವರ ಖರ್ಚು ತಾವೇ ನೋಡ್ಕೊಳ್ಳೋದು.

ಎರಡನೇ_ಕಾಲ

ಸ್ಪರ್ಧೆ ಗೆದ್ದವರಾದ್ರೂ ಸುಖವಾಗಿದ್ದಾರಾ? ಎರಿಕ್ ಲು 2015ರಲ್ಲಿ ಇದೇ ವಾರ್ಸಾದಲ್ಲಿ ನಾಲ್ಕನೇ ಸ್ಥಾನ ತಗೊಂಡಿದ್ದ. 2018ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಿಯಾನೊ ಸ್ಪರ್ಧೆ ಗೆದ್ದ. ಆಮೇಲೆ ರೆಕಾರ್ಡಿಂಗು, ಕಛೇರಿ ಎಲ್ಲಾ ಇತ್ತು. ಆದ್ರೂ 27ಕ್ಕೆ ಮತ್ತೆ ಬಂದು ಹದಿನೇಳು ಹದಿನೆಂಟರ ಹುಡುಗರ ಜೊತೆ ಕ್ಯೂ ನಿಂತ. ಅಂದ್ರೆ ಲೀಡ್ಸ್‌ನ ಮೊದಲ ಬಹುಮಾನಕ್ಕೂ ಅವಧಿ ಮುಗಿಯುತ್ತೆ ಅಂತಾಯ್ತಲ್ಲ?

ಮೂರನೇ_ಪೆಡಲ್

ಹಾಲಿನ ಪ್ಯಾಕೆಟ್ಟಿನ ಹಾಗೆ. ಬಹುಮಾನದ ಹಣ ತೆರಿಗೆ, ಬಾಡಿಗೆಗೆ ಕರಗುತ್ತೆ. ನಿಜವಾಗಿ ಸಿಗೋದು ಎರಡು ಮೂರು ವರ್ಷದ ಕಛೇರಿಗಳು ಮತ್ತು ಏಜೆಂಟನ ಫೋನ್ ನಂಬರು. ಅಷ್ಟರಲ್ಲಿ ಬೇರೂರದಿದ್ರೆ ಮುಂದಿನ ವಿಜೇತ ಬಂದಿರ್ತಾನೆ. ವಾರ್ಸಾದ್ದು ಐದು ವರ್ಷಕ್ಕೊಮ್ಮೆ, ಬೇರೆ ಊರಿನವೂ ಇವೆ. ಸಂಭಾವನೆಯಲ್ಲಿ ಏಜೆಂಟನ ಪಾಲು ಹೋಗುತ್ತೆ, ಎಷ್ಟೋ ಸಲ ಓಡಾಟದ ಖರ್ಚೂ ತನ್ನ ಜೇಬಿಂದಲೇ.

ಗೆದ್ದ ಮೇಲೆ ಏನ್ ಮಾಡಬೇಕು ಅನ್ನೋದಕ್ಕೆ ಎರಡು ಉದಾಹರಣೆ ನನ್ನ ಮೇಷ್ಟ್ರು ಯಾವಾಗಲೂ ಹೇಳೋರು.

ಕ್ಲೈಬರ್ನ್ 1958ರಲ್ಲಿ ಮಾಸ್ಕೋದಲ್ಲಿ ಮೊದಲ ಚೈಕೋವ್‌ಸ್ಕಿ ಸ್ಪರ್ಧೆ ಗೆದ್ದಾಗ 23 ವರ್ಷ. ಶೀತಲ ಸಮರದ ಕಾಲ, ಸೋವಿಯತ್ ನೆಲದಲ್ಲಿ ಅಮೆರಿಕದ ಹುಡುಗ. ಬಹುಮಾನ ಕೊಡೋ ಮುಂಚೆ ಸೋವಿಯತ್ ನಾಯಕ ಕ್ರುಶ್ಚೋವ್‌ನ ಒಪ್ಪಿಗೆ ಕೇಳಬೇಕಾಯ್ತು. ನ್ಯೂಯಾರ್ಕಿಗೆ ಮರಳಿದಾಗ ಬೀದಿ ತುಂಬಾ ಕಾಗದದ ಮಳೆ ಸುರಿಸಿ ಮೆರವಣಿಗೆ. ಆ ಚೈಕೋವ್‌ಸ್ಕಿ ರೆಕಾರ್ಡು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯ್ತು. ಆಮೇಲೆ ಹೋದಲ್ಲೆಲ್ಲಾ ಜನ ಅದನ್ನೇ ಕೇಳಿದ್ರು, ಅವನೂ ಅದನ್ನೇ ನುಡಿಸಿದ. ಇಪ್ಪತ್ತು ವರ್ಷ. 1978ರಲ್ಲಿ ಸುಮ್ಮನೆ ನಿಲ್ಲಿಸಿಬಿಟ್ಟ. ಮತ್ತೆ ಜನರೆದುರು ಕೂತಿದ್ದು 1987ರಲ್ಲಿ, ಶ್ವೇತಭವನದಲ್ಲಿ.

ಇನ್ನೊಬ್ಬ ಇಟಲಿಯ ಪೊಲ್ಲಿನಿ. 1960ರಲ್ಲಿ ವಾರ್ಸಾ ಗೆದ್ದಾಗ 18. ಎಲ್ಲರೂ ಬಾ ಅಂದಾಗ ಆತ ವೇದಿಕೆಯಿಂದ ಸರಿದು ಮಿಕಲಾಂಜೆಲಿ ಅನ್ನೋ ದೊಡ್ಡ ಪಿಯಾನಿಸ್ಟ್ ಬಳಿ ಹೋಗಿ ಕೂತ. ಓದಿದ, ಬೇರೆ ಬೇರೆ ಕೃತಿ ಕಲಿತ, ನಿಧಾನಕ್ಕೆ ಬಂದ. ಎಂಬತ್ತರ ಹೊಸ್ತಿಲಲ್ಲೂ ನುಡಿಸ್ತಿದ್ದ.

ಅಂದಹಾಗೆ ಆ ಮಿಕಲಾಂಜೆಲಿ 1938ರ ಬ್ರಸೆಲ್ಸ್ ಸ್ಪರ್ಧೆಯಲ್ಲಿ ಏಳನೇ ಸ್ಥಾನ.

ಧಾರವಾಡ_ಪೇಡೆ

ಏಳನೇದ? ಹಂಗಾರ ತೀರ್ಪುಗಾರರ ಕಿವ್ಯಾಗ ಹತ್ತಿ ಇತ್ತೇನು?

ಕಂಬದ_ಹಿಂದಿನ_ಸೀಟು

ಅದಕ್ಕಿಂತ ದೊಡ್ಡ ಜಗಳ 1980ರ ವಾರ್ಸಾ. ಇವೊ ಪೊಗೊರೆಲಿಚ್ ಅನ್ನೋ ಯುಗೊಸ್ಲಾವಿಯಾದ ಹುಡುಗನನ್ನ ಫೈನಲ್ಲಿಗೆ ಬಿಡಲಿಲ್ಲ ಅಂತ ಆರ್ಗರಿಚ್ ತೀರ್ಪುಗಾರರ ಸ್ಥಾನ ಬಿಟ್ಟು ಎದ್ದು ಹೋದ್ರು. ಪತ್ರಿಕೆಗಳಲ್ಲಿ ಅದೇ ಸುದ್ದಿ. ಪೊಗೊರೆಲಿಚ್‌ಗೆ ಸೋಲೇ ಬಹುಮಾನವಾಯ್ತು, ಗೆದ್ದವನಿಗಿಂತ ಹೆಚ್ಚು ಹೆಸರು ಅವನಿಗೆ.

ಗೆದ್ದವನು ಯಾರು? ಡಾಂಗ್ ಥಾಯ್ ಸನ್. ಹನೋಯ್ ಊರಿನವನು. ಅಮೆರಿಕ ಬಾಂಬ್ ಹಾಕ್ತಿದ್ದ ಕಾಲದಲ್ಲಿ ಅವರ ಸಂಗೀತ ಶಾಲೆಯನ್ನೇ ಹಳ್ಳಿಗೆ ಸ್ಥಳಾಂತರ ಮಾಡಿದ್ರು. ಪಿಯಾನೊ ಎಮ್ಮೆಗಾಡಿಯಲ್ಲಿ ಹೋಯ್ತು. ಮೊದಲ ಗುರು ಅಮ್ಮನೇ. ಆಮೇಲೆ ಮಾಸ್ಕೋ. ವಾರ್ಸಾ ಫೈನಲ್ಲಿಗೆ ಮುಂಚೆ ಒಮ್ಮೆಯೂ ಆರ್ಕೆಸ್ಟ್ರಾ ಜೊತೆ ನುಡಿಸಿರಲಿಲ್ಲ. ಮೊದಲ ಸಲ ನುಡಿಸಿದ್ದೇ ಅಲ್ಲಿ, ಗೆದ್ದ. ಏಷ್ಯಾದವರಿಗೆ ಆ ಸ್ಪರ್ಧೆಯ ಮೊದಲ ಸ್ಥಾನ ಅದೇ ಮೊದಲು.

ಇಷ್ಟಾದ್ರೂ ಆತನ ಹೆಸರು ಲಾಂಗ್ ಲಾಂಗ್ ಥರ ಮನೆಮಾತಾಗಲಿಲ್ಲ. ಕೆನಡಾದಲ್ಲಿ ನೆಲೆಸಿ ಪಾಠ ಹೇಳಿದ. ಮುಂದೇನಾಯ್ತು ನೋಡಿ. 2021ರ ವಿಜೇತ ಬ್ರೂಸ್ ಲಿಯು ಅವನ ಶಿಷ್ಯ. 2025ರ ಎರಿಕ್ ಲು ಕೂಡ ಅವನ ಬಳಿ ಕಲಿತವನೇ.

ಎರಡನೇ_ಕಾಲ

ಪಾಠ ಹೇಳ್ತಾರೆ ಅಂತ ನಾನು ಮೊದಲನೇ ಕಮೆಂಟಲ್ಲೇ ಹೇಳಿದ್ದೆ. ಯಾರೂ ಲೈಕ್ ಕೊಡಲಿಲ್ಲ.

ಒಂಟಿಕೊಪ್ಪಲ್

ತಡವಾಗಿ ನೋಡಿದೆ. ಕಾನ್ಸರ್ಟ್ ಪಿಯಾನಿಸ್ಟ್ ಆಗಬೇಕು ಅಂತ ಆಸೆಪಟ್ಟು ಆಗದೇ ಹೋದವರಲ್ಲಿ ನಮ್ಮೂರಿನವರು ಒಬ್ಬರಿದ್ದಾರೆ, ಮರೀಬೇಡಿ. ಅವರಿಗೆ ಸೋಮವಾರ ಬೆಳಿಗ್ಗೆ ಸಿಂಹಾಸನ ಹತ್ತೋ ಕೆಲಸ ಬಂತು.

ಜಯಚಾಮರಾಜೇಂದ್ರ ಒಡೆಯರು. ಜನಕ್ಕೆ ಅವರ 94 ಕೃತಿಗಳು ಗೊತ್ತು, ಶ್ರೀವಿದ್ಯೆ ಗೊತ್ತು. ಪಿಯಾನೊ ಅಷ್ಟಾಗಿ ಗೊತ್ತಿಲ್ಲ. ಚಿಕ್ಕಂದಿನಿಂದ ಕಲಿತು ಲಂಡನ್ನಿನ ಪರೀಕ್ಷೆಗಳನ್ನ ಪಾಸು ಮಾಡಿದವರು. ರಷ್ಯಾದ ದೊಡ್ಡ ಪಿಯಾನಿಸ್ಟ್ ರಖ್ಮನಿನಾಫ್ ಹತ್ತಿರ ಕಲಿಯಬೇಕು, ವೇದಿಕೆಯ ಕಲಾವಿದ ಆಗಬೇಕು ಅಂತ ಇತ್ತು. 1940ರಲ್ಲಿ ಮೊದಲು ತಂದೆ ಯುವರಾಜರು ಹೋದ್ರು, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರೂ ಹೋದ್ರು. 21 ವರ್ಷಕ್ಕೆ ಪಟ್ಟ. ಅಲ್ಲಿಗೆ ಪಿಯಾನೊ ಅರಮನೆ ಒಳಗೇ ಉಳೀತು.

ಆಮೇಲೆ ಅವರು ಮಾಡಿದ್ದನ್ನ ನಾನು ಯಾವಾಗಲೂ ನೆನೀತೀನಿ. ರಷ್ಯಾ ಬಿಟ್ಟು ಲಂಡನ್ ಸೇರಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್ ಅನ್ನೋ ಸಂಗೀತಗಾರ ಒಬ್ಬರಿದ್ರು. ರಖ್ಮನಿನಾಫ್ ಗೆಳೆಯರು, ಅದ್ಭುತ ಪಿಯಾನೊ ಕೃತಿಗಳು, ಕೇಳೋರಿಲ್ಲ. ಒಡೆಯರು ದುಡ್ಡು ಕೊಟ್ಟು ಮೆಟ್ನರ್ ತಮ್ಮ ಕೃತಿಗಳನ್ನ ತಾವೇ ನುಡಿಸಿ ಎಚ್‌ಎಂವಿಯಲ್ಲಿ ರೆಕಾರ್ಡ್ ಮಾಡೋ ಹಾಗೆ ಮಾಡಿದ್ರು. ಮೂರು ಕಾನ್ಸರ್ಟೊಗಳೂ ಅದರಲ್ಲಿವೆ. ಮೂರನೇ ಕಾನ್ಸರ್ಟೊ ಮೈಸೂರು ಮಹಾರಾಜರಿಗೇ ಅರ್ಪಣೆ. 1951ರಲ್ಲಿ ಮೆಟ್ನರ್ ತೀರಿಕೊಂಡ್ರು. ಆ ರೆಕಾರ್ಡು ಇಲ್ಲದಿದ್ರೆ ಅವರ ಕೈ ಹೇಗಿತ್ತು ಅಂತ ನಮಗೆ ಇಷ್ಟು ತಿಳೀತಿರಲಿಲ್ಲ.

ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೂ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಟ್ರು. 1950ರಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲು ಕೇಳಿಸಿದಾಗ ಹಣದ ಹೊಣೆ ಹೊತ್ತವರು ಇವರೇ.

ಧಾರವಾಡ_ಪೇಡೆ

ಸೋತರೂ ಇಂಥಾ ನೌಕರಿ ಸಿಗೋದಾದ್ರ ನಾನೂ ಇವತ್ತ ಪಿಯಾನೊ ಕ್ಲಾಸಿಗೆ ಹಚ್ಚತೀನ್ರಿ.

ಒಂಟಿಕೊಪ್ಪಲ್

ನಗಿ ಸರ್. ಆದರೆ ಕುರ್ಚಿ ಇಲ್ಲ ಕುರ್ಚಿ ಇಲ್ಲ ಅಂತ ಮೇಲೆ ಅಷ್ಟು ಮಾತು ನಡೀತಲ್ಲ, ಈ ಮನುಷ್ಯನಿಗೆ ಬೇಡದ ಕುರ್ಚಿ ಸಿಕ್ಕಿತ್ತು ಅನ್ನೋದು ನನ್ನ ಮಾತು.

ಸುತ್ತಿಗೆ_ಉಣ್ಣೆ

ನಾನು ಪಿಯಾನೊ ಶ್ರುತಿ ಮಾಡೋನು, ಬೆಂಗಳೂರು, ಮಂಗಳೂರು ಓಡಾಡ್ತೀನಿ. ನೀವೆಲ್ಲ ನುಡಿಸೋರ ಬಗ್ಗೆ ಮಾತಾಡ್ತಿದ್ದೀರಿ, ನುಡಿಸೋ ಸಾಮಾನಿನ ಬಗ್ಗೆ ಒಂದು ಮಾತು.

ವೈಣಿಕರು ತಮ್ಮ ವೀಣೆ ತಾವೇ ತರ್ತಾರೆ. ಪಿಟೀಲಿನವರೂ ಅಷ್ಟೆ. ಪಿಯಾನೊದವನು ಮಾತ್ರ ಕೈ ಬೀಸಿಕೊಂಡು ಬಂದು ಗೊತ್ತಿಲ್ಲದ ಪ್ರಾಣಿ ಮೇಲೆ ಸವಾರಿ ಮಾಡಬೇಕು. 88 ಮನೆ (ಬೆರಳಲ್ಲಿ ಒತ್ತೋ ಕೀಗಳು), ಸುಮಾರು 230 ತಂತಿ, ಎಲ್ಲ ಸೇರಿ ಎಳೆತ ಇಪ್ಪತ್ತು ಟನ್ ಹತ್ತಿರ. ಒಂದು ಗಟ್ಟಿ, ಒಂದು ಮೆತ್ತಗೆ. ಒಂದರ ಪೆಡಲ್ ಕಾಲಿಟ್ಟ ಕೂಡಲೇ ಹಿಡಿಯುತ್ತೆ, ಇನ್ನೊಂದರದ್ದು ಅರ್ಧ ಇಳಿದ ಮೇಲೆ. ಸುತ್ತಿಗೆಯ ತುದಿಯ ಉಣ್ಣೆ ಕಲ್ಲಾಗಿದ್ರೆ ನಾದ ಕಿರುಚುತ್ತೆ, ಆಗ ನಾವು ಸೂಜಿಯಿಂದ ಚುಚ್ಚಿ ಮೆದು ಮಾಡ್ತೀವಿ. ಕಛೇರಿಗೆ ಮುಂಚೆ ಕಲಾವಿದನಿಗೆ ಸಿಗೋದು ಒಂದೆರಡು ಗಂಟೆ. ವಾರ್ಸಾದಲ್ಲಿ ಐದು ಕಂಪನಿಯ ಪಿಯಾನೊ ಇಟ್ಟು ಕಾಲು ಗಂಟೆಯಲ್ಲಿ ಆರಿಸಿಕೋ ಅಂತಾರೆ. ಆ ಕಾಲು ಗಂಟೆಯೂ ತರಬೇತಿಯ ಭಾಗವೇ, ಯಾವ ಗುರುವೂ ಅದಕ್ಕೆ ಸಿಲಬಸ್ ಬರೆದಿಲ್ಲ.

ಪೋಲೆಂಡಿನ ದೊಡ್ಡ ಪಿಯಾನಿಸ್ಟ್ ಕ್ರಿಸ್ಟಿಯನ್ ಜಿಮರ್‌ಮನ್ ಇದಕ್ಕೆ ಬೇಸತ್ತು ತನ್ನ ಪಿಯಾನೊನೇ ಹೊತ್ತುಕೊಂಡು ಊರೂರು ತಿರುಗ್ತಾನೆ. ಹೊರೋಕೆ ಜಿಮರ್‌ಮನ್ ಆಗಿರಬೇಕು, ಅಷ್ಟೆ.

ಕುಡ್ಲದ_ಅಮ್ಮ

ಎಲ್ಲರಿಗೂ ನಮಸ್ಕಾರ. ಓದಿ ಸ್ವಲ್ಪ ಹೆದರಿಕೆ ಆಯಿತು ಮಾರಾಯ್ರೆ. ನನ್ನ ಮಗಳಿಗೆ ಹದಿಮೂರು. ಇಗರ್ಜಿಯಲ್ಲಿ ಕೀಬೋರ್ಡ್ ನುಡಿಸುತ್ತಾಳೆ, ಪಿಯಾನೊ ಪರೀಕ್ಷೆಯಲ್ಲಿ ಗ್ರೇಡ್ ಏಳು ಆಗಿದೆ. ದಿನಕ್ಕೆ ನಾಲ್ಕು ಗಂಟೆ ಕೂರುತ್ತಾಳೆ. ಈಗ ಅದನ್ನೇ ಮಾಡುತ್ತೇನೆ, ಸೈನ್ಸ್ ತೆಗೆದುಕೊಳ್ಳುವುದಿಲ್ಲ ಎಂದು ಹಟ. ನಾನು ಏನು ಮಾಡುವುದು? ಹೌದು, ಕೈ ನೋವು ಎಂದೂ ಹೇಳುತ್ತಾಳೆ ಆಗಾಗ.

ಮೂರನೇ_ಪೆಡಲ್

ಅಕ್ಕಾ, ಕೊನೇ ವಾಕ್ಯದಿಂದ ಶುರು ಮಾಡ್ತೀನಿ. ನೋವು ಬಂದ್ರೆ ಅವತ್ತಿಗೆ ಮುಚ್ಚಳ ಹಾಕಿ. ನನ್ನ ಹತ್ತೊಂಬತ್ತನೇ ವಯಸ್ಸಲ್ಲಿ ಒಬ್ಬ ಗುರುಗಳು, ಹೆಸರು ಬೇಡ, ನೋವು ಅಂದ್ರೆ ಸ್ನಾಯು ಬೆಳೀತಿದೆ ಅಂತ ಹೇಳಿದ್ರು. ನಾನು ನಂಬಿದೆ. ಐದು ತಿಂಗಳು ಚಮಚ ಹಿಡಿಯೋಕಾಗಲಿಲ್ಲ, ಅಮ್ಮ ತುತ್ತು ಕೊಟ್ಟು ಉಣಿಸಿದ್ರು.

ನಾನೇನು ದೊಡ್ಡವಳಲ್ಲ, ದೊಡ್ಡವರಿಗೂ ಆಗಿದೆ. ಮೇಲೆ ಹೇಳಿದ ಫ್ಲೈಶರ್, 1952ರಲ್ಲಿ ಬ್ರಸೆಲ್ಸ್ ಗೆದ್ದವರು, ಮೂವತ್ತಾರರ ಆಸುಪಾಸಿನಲ್ಲಿ ಬಲಗೈಯ ಎರಡು ಬೆರಳು ತಾವಾಗೇ ಒಳಗೆ ಮಡಚಿಕೊಳ್ಳೋಕೆ ಶುರುವಾದ್ವು. ಫೋಕಲ್ ಡಿಸ್ಟೋನಿಯಾ ಅಂತಾರೆ. ಕೈಯಲ್ಲಿ ಏನೂ ಗಾಯ ಇರಲ್ಲ, ಮಿದುಳಿನ ಆಜ್ಞೆ ಕೆಟ್ಟಿರುತ್ತೆ. ಮೂವತ್ತು ವರ್ಷ ಎಡಗೈ ಒಂದರಲ್ಲೇ ನುಡಿಸಿದ್ರು, ಪಾಠ ಹೇಳಿದ್ರು. ಎಡಗೈಗೆ ಅಂತಲೇ ಕೃತಿಗಳಿವೆ ಅನ್ನೋದೂ ಒಂದು ಕಥೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳ್ಕೊಂಡ ಪಾಲ್ ವಿಟ್‌ಗೆನ್‌ಸ್ಟೈನ್‌ಗಾಗಿ ರಾವೆಲ್ ಕಾನ್ಸರ್ಟೊ ಬರೆದ. ಫ್ಲೈಶರ್ ಕೊನೆಗೆ ಬೊಟಾಕ್ಸ್ ಚುಚ್ಚಿಸಿಕೊಂಡು ಎರಡೂ ಕೈಗೆ ಮರಳಿದ್ರು. ಗ್ರಾಫ್‌ಮನ್‌ಗೂ 1979ರಲ್ಲಿ ಬಲಗೈ ಹೋಯ್ತು. ಅವರು ಪಾಠಕ್ಕೆ ಕೂತಿದ್ರಿಂದಲೇ ಲಾಂಗ್ ಲಾಂಗ್‌ಗೆ, ಯೂಜಾಗೆ ಗುರು ಸಿಕ್ಕಿದ್ದು. ಶೋಪ್ಯಾನ್ ತನ್ನ ಶಿಷ್ಯರಿಗೆ ಮೂರು ಗಂಟೆ ಮೀರಬೇಡಿ ಅಂತಿದ್ದ. ನಿಮ್ಮ ಮಗಳಿಗೆ ಅದನ್ನ ಶೋಪ್ಯಾನ್ ಹೆಸರಲ್ಲೇ ಹೇಳಿ, ಅಮ್ಮನ ಹೆಸರಲ್ಲಿ ಹೇಳಿದ್ರೆ ಕೇಳಲ್ಲ.

ಇನ್ನು ಗ್ರೇಡು. ಗ್ರೇಡ್ ಎಂಟು ಅಂದ್ರೆ ಕೊನೆ ಮೆಟ್ಟಿಲು ಅಂತ ನಮ್ಮಲ್ಲಿ ಎಲ್ಲರೂ ತಿಳಿದಿದ್ದಾರೆ. ವರ್ಷಕ್ಕೆ ಮೂರು ಕೃತಿ ಉಜ್ಜಿ ಉಜ್ಜಿ ಪರೀಕ್ಷೆಗೆ ಹೋಗೋದು. ಇಲ್ಲಿ ಜರ್ಮನಿಯ ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ಬಾಖ್‌ನ ಒಂದು ಪ್ರಿಲ್ಯೂಡ್ ಮತ್ತು ಫ್ಯೂಗ್, ಪೂರ್ತಿ ಸೊನಾಟಾ, ದೊಡ್ಡ ರೊಮ್ಯಾಂಟಿಕ್ ಕೃತಿ, 20ನೇ ಶತಮಾನದ್ದೊಂದು, ಎಟ್ಯೂಡ್, ಹೀಗೆ ಕೇಳ್ತಾರೆ, ಬಾಯಿಪಾಠ. ಜೊತೆಗೆ ಕಿವಿ ಪರೀಕ್ಷೆ, ಥಿಯರಿ. ಹತ್ತು ನಿಮಿಷ ಕೇಳಿ ಸಾಕು ಅಂತಾರೆ. ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಕೆಲವು ಕಡೆ ನಮ್ಮಂಥ ಹೊರಗಿನವರಿಗೆ ಇದೆ, ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೊ. ಆದರೆ ವೀಸಾಗೆ ವರ್ಷದ ಖರ್ಚು 11,904 ಯೂರೊ ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು, 2025ರ ಲೆಕ್ಕ. ಭಾಷೆ ಬೇರೆ ಕಲಿಯಬೇಕು.

ಹಟ ಬಿಡಿಸಬೇಡಿ, ಹಟದ ಜೊತೆ ಇನ್ನೆರಡು ಕೆಲಸ ಸೇರಿಸಿ. ಒಂದು, ಎದುರಿಗೆ ಹೊಸ ಹಾಳೆ ಇಟ್ಟ ಕೂಡಲೇ ನುಡಿಸೋ ಅಭ್ಯಾಸ. ದಿನಾ ಒಂದು ಪುಟ, ತಪ್ಪಾದ್ರೂ ನಿಲ್ಲಿಸದೆ. ನನಗೆ ಇವತ್ತು ಅನ್ನ ಹಾಕ್ತಿರೋದು ಅದೇ, ಕಷ್ಟಪಟ್ಟು ಕಲಿತ ಆ ಲಿಸ್ಟ್ ಸೊನಾಟಾ ಅಲ್ಲ. ಎರಡು, ಬೇರೆಯವರಿಗೆ ನುಡಿಸೋದು. ಇಗರ್ಜಿಯಲ್ಲಿ ನುಡಿಸ್ತಾಳೆ ಅಂದ್ರಲ್ಲ, ಅದು ಗ್ರೇಡ್ ಏಳಕ್ಕಿಂತ ಮೇಲು. ಹಾಡೋರ ಉಸಿರು ಎಲ್ಲಿ ತಗೋತಾರೆ ಅಂತ ಅವಳಿಗೆ ಈಗಲೇ ಗೊತ್ತಿರುತ್ತೆ. ಕಾಲೇಜಿನಲ್ಲಿ ನನ್ನ ಜೊತೆ ಇದ್ದ ಭಯಂಕರ ಕೈಚಳಕದ ಹುಡುಗರಿಗೆ ಅದು ಇಪ್ಪತ್ತೈದಕ್ಕೂ ಗೊತ್ತಿರಲಿಲ್ಲ.

ಸೈನ್ಸ್ ಬಗ್ಗೆ ನಾನು ಹೇಳಲ್ಲ. ನಾನೂ ಪಿಸಿಎಂಬಿ ಓದಿದವಳೇ, ಇವತ್ತು ಅದರಲ್ಲಿ ನೆನಪಿರೋದು ಕಪ್ಪೆ ಮಾತ್ರ.

ಎರಡನೇ_ಕಾಲ

"ದಿನಾ ಒಂದು ಪುಟ, ತಪ್ಪಾದ್ರೂ ನಿಲ್ಲಿಸದೆ." ನಮ್ಮ ಮೇಷ್ಟ್ರು ತಪ್ಪಾದ್ರೆ ನಿಲ್ಲಿಸ್ತಿದ್ದರಲ್ಲ, ಅದಕ್ಕೇ ನಾನಿನ್ನೂ ಎರಡನೇ ಕಾಲದಲ್ಲಿದ್ದೀನಿ.

ಕುಡ್ಲದ_ಅಮ್ಮ

ತುಂಬಾ ಉಪಕಾರ. ಅವಳಿಗೆ ಓದಿ ಹೇಳಿದೆ. ಶೋಪ್ಯಾನ್ ಮೂರು ಗಂಟೆ ಅಂದದ್ದು ಸುಳ್ಳು ಎಂದು ಒಮ್ಮೆ ಜಗಳ ಮಾಡಿ, ಆಮೇಲೆ ಹೋಗಿ ಮಲಗಿದಳು. ಶ್ರುತಿ ಮಾಡುವವರೇ, ಡಿಜಿಟಲ್ ಬಿಟ್ಟು ನಿಜವಾದ ಪಿಯಾನೊ ತೆಗೆಯಬೇಕಾ? ನಮ್ಮಲ್ಲಿ ಮಳೆಗಾಲ ನಿಮಗೆ ಗೊತ್ತುಂಟಲ್ಲ.

ಸುತ್ತಿಗೆ_ಉಣ್ಣೆ

ಗೊತ್ತು ಅಮ್ಮ. ನಾನು ಅನ್ನ ತಿನ್ನೋದೇ ನಿಮ್ಮ ಮಳೆಗಾಲದಿಂದ. ಜೂನ್ ಬಂತು ಅಂದ್ರೆ ನಾದ ಹಲಗೆ ನೀರು ಕುಡಿದು ಉಬ್ಬುತ್ತೆ, ಶ್ರುತಿ ಏರುತ್ತೆ, ಮನೆಗಳು ಒಂದಕ್ಕೊಂದು ಅಂಟಿಕೊಳ್ತವೆ. ಬೇಸಿಗೆಗೆ ಇಳಿಯುತ್ತೆ. ಆದರೂ ಮಗಳು ಗಂಭೀರವಾಗಿದ್ದಾಳೆ ಅಂದ್ರೆ ಒಂದು ಒಳ್ಳೆ ಅಪ್‌ರೈಟ್ ಬೇಕು. ಬೆರಳಿನ ಭಾರಕ್ಕೆ ತಂತಿ ಹೇಗೆ ಉತ್ತರ ಕೊಡುತ್ತೆ ಅಂತ ಡಿಜಿಟಲ್ ಪೂರ್ತಿ ಹೇಳಿಕೊಡಲ್ಲ. ಹಳೇದು ತಗೊಳ್ಳೋ ಮುಂಚೆ ಶ್ರುತಿ ಮೊಳೆ ಕಚ್ಚಿರೋ ಹಲಗೆ ಬಿರುಕು ಬಿಟ್ಟಿದೆಯಾ ಅಂತ ಯಾರ ಕೈಲಾದ್ರೂ ನೋಡಿಸಿ. ಮೇಲೆ ಪಾಲಿಶ್ ಹೊಡೆದು ಮಾರೋ ಮಂದಿ ಬಹಳ. ಹೊರಗೋಡೆಗೆ ಒತ್ತಿ ಇಡಬೇಡಿ, ಎಸಿ ಗಾಳಿಗೆ ಎದುರಾಗಿಯೂ ಬೇಡ. ವರ್ಷಕ್ಕೆ ಎರಡು ಸಲ ಶ್ರುತಿ, ಮಳೆ ಶುರುವಾಗಿ ಒಂದು ತಿಂಗಳಿಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ.

ರಾತ್ರಿಪಾಳಿ

ನನ್ನ ಪ್ರಶ್ನೆ ಎಲ್ಲೆಲ್ಲಿಗೋ ಹೋಯ್ತು, ಒಳ್ಳೇದೇ ಆಯ್ತು. ಮೂರನೇ ಪೆಡಲ್ ಮೇಡಂ, ಒಂದೇ ಒಂದು ಕೊನೇದು. ವಾರ್ಸಾದಲ್ಲಿ ಮೊದಲ ಸುತ್ತಿಗೆ ಹೋಗಿ ಬಂದವರನ್ನ ಯಾರನ್ನಾದ್ರೂ ನೀವು ಖುದ್ದಾಗಿ ಬಲ್ಲಿರಾ? ಅವರ ಸೋಮವಾರ ಹೇಗಿತ್ತು?

ಮೂರನೇ_ಪೆಡಲ್

ನಿಮ್ಮ ಪ್ರಶ್ನೆ ನೋಡಿದ ದಿನವೇ ಕ್ಯಾಂಟೀನಲ್ಲಿ ಕೇಳಿದೆ. ನಮ್ಮ ಒಪೆರಾ ಮನೆಯ ಬ್ಯಾಲೆ ನೃತ್ಯದ ತರಗತಿಗೆ ನುಡಿಸೋ ಹುಡುಗ ಹಿಂದೊಮ್ಮೆ ಅಲ್ಲಿಗೆ ಹೋಗಿದ್ದವನು. ಮೊದಲ ಸುತ್ತು, ಅಷ್ಟಕ್ಕೇ ವಾಪಸ್ಸು. ಈಗ ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ನರ್ತಕರು ಕಂಬಿ ಹಿಡಿದು ಕಾಲು ಎತ್ತುವಾಗ ಎಂಟು ಎಂಟು ಲೆಕ್ಕಕ್ಕೆ ಏನಾದ್ರೂ ನುಡಿಸಬೇಕು. ಕೆಲವು ದಿನ ಶೋಪ್ಯಾನ್‌ದೇ ಒಂದು ಮಜೂರ್ಕಾ (ಪೋಲೆಂಡಿನ ಕುಣಿತದ ಧಾಟಿಯ ಕೃತಿ) ಹಿಡಿದು ಅವರ ಲೆಕ್ಕಕ್ಕೆ ಕತ್ತರಿಸಿ ಹೊಲೀತಾನೆ. ಗೋಡೆ ಆಚೆ ನನಗೆ ಕೇಳಿಸುತ್ತೆ.

ವಾರ್ಸಾದಿಂದ ಬಂದ ಸೋಮವಾರ ಅವನಿಗೆ ಡ್ರೈವಿಂಗ್ ಟೆಸ್ಟ್ ಇತ್ತಂತೆ. ಮೊದಲೇ ದುಡ್ಡು ಕಟ್ಟಿದ್ದ, ಮುಂದೂಡೋಕೆ ಆಗಲ್ಲ ಅಂದ್ರಂತೆ. ಅದರಲ್ಲೂ ಫೇಲು.

ಈಗ ಏಳ್ತೀನಿ. ಹತ್ತೂವರೆಗೆ ಎರಡನೇ ಅಂಕದ ರಿಹರ್ಸಲ್, ಗಾಯಕಿಗೆ ನೆಗಡಿ, ಅವಳ ಪಾಲನ್ನೂ ನಾನೇ ಹಾಡಬೇಕು.